ಬಲಗೈಯ ಹೂವು

ವಿಶಾಲ ಮೈಸೂರು ರಾಜ್ಯವಾದ ಮರುವರ್ಷ, ಕೃಷ್ಣಮೂರ್ತಿಪುರದ ವಠಾರವೊಂದರಲ್ಲಿ ಚೆಲುವಿ ಎಂಬ ಹುಡುಗಿಗೆ ಎರಡು ಬಗೆಯ ಹೆಸರಿತ್ತು. ನೆಲಕ್ಕುರುಳಿ, ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದಾಗ ಅವಳು ಮೂರ್ಛೆರೋಗದವಳು. ದೀಪದ ಮುಂದೆ ರೆಪ್ಪೆಯಾಡಿಸದೆ ಕುಳಿತು, ತುಟಿಯನ್ನಷ್ಟೇ ಅಲುಗಿಸುತ್ತ ಲೋಕ ಮರೆತಾಗ ಅವಳು ದೇವಿಯೊಡನೆ ಮಾತನಾಡುವವಳು. ಬೀಳುವುದು ಅಪರೂಪ, ಮರೆಯುವುದು ಆಗಾಗ.

ಗುಡಿಯಲ್ಲಿ ದೇವರ ಬಲಗಡೆಯಿಂದ ಹೂವು ಬಿದ್ದರೆ ಎಣಿಸಿದ ಕೆಲಸವಾಗುವುದೆಂದು ನಂಬಿದ ಜನ ಆ ವಠಾರದವರು. ಶುಕ್ರವಾರ ಸಂಜೆ ಹೆಂಗಸರು ಚೆಲುವಿಯ ಎರಡು ಕೈಗೂ ಒಂದೊಂದು ಸೇವಂತಿಗೆ ಕೊಟ್ಟು, ಮನಸ್ಸಿನಲ್ಲಿ ಪ್ರಶ್ನೆಯಿಟ್ಟುಕೊಂಡು ಕಾಯುತ್ತಿದ್ದರು. ಅವಳು ಲೋಕ ಮರೆತ ಗಳಿಗೆಯಲ್ಲಿ ಬಲಗೈಯ ಹೂವು ಜಾರಿದರೆ ತಾಯಿ ಬೀರಮ್ಮನ ಕಾಲಿಗೂ ನಮಸ್ಕಾರ ಬೀಳುತ್ತಿತ್ತು.

ಒಮ್ಮೆ ನಲ್ಲಿಯ ಕಟ್ಟೆಗೆ ಬಿದ್ದು ಮಗಳ ಹಣೆಯೊಡೆಯಿತು. ಮರದ ಡಿಪೋದಲ್ಲಿ ಕೆಲಸಕ್ಕಿದ್ದ ತಂದೆ ಚಿಕ್ಕಯ್ಯ, ಹೆಂಡತಿಯನ್ನೂ ಕರೆದುಕೊಂಡು ಅವಳನ್ನು ಆಸ್ಪತ್ರೆಗೆ ಒಯ್ದನು. ಡಾಕ್ಟರ್ ಸುಂದರೇಶರು ಎಲ್ಲವನ್ನೂ ಕೇಳಿ, ಬೀಳುವುದೂ ಲೋಕ ಮರೆಯುವುದೂ ಒಂದೇ ರೋಗದ ಎರಡು ಬಗೆಗಳೆಂದರು. ಮಿದುಳೆಲ್ಲ ಕೆರಳಿದರೆ ಮೈಯೆಲ್ಲ ಅದುರುತ್ತದೆ. ಅದರ ಒಂದು ಮೂಲೆಯಷ್ಟೇ ಕೆರಳಿದರೆ ಎಚ್ಚರ ತಪ್ಪಿ ತುಟಿಯಾಡುತ್ತದೆ, ಹಿಡಿತ ಸಡಿಲುತ್ತದೆ. ಹಿಂದೆ ತಲೆಗೆ ಪೆಟ್ಟಾಗಿತ್ತೇ, ಎಳವೆಯಲ್ಲಿ ಜ್ವರ ಏರಿ ಸೆಳವು ಬಂದಿತ್ತೇ, ಹೆರಿಗೆ ಕಷ್ಟವಾಗಿತ್ತೇ ಎಂದು ಅವರು ವಿಚಾರಿಸಿದರು. ಹೆರಿಗೆ ಬಹಳ ತಡವಾಗಿ, ಮಗು ನೀಲಿಗಟ್ಟಿ ಹುಟ್ಟಿ, ಅಳಲು ಹೊತ್ತು ಹಿಡಿದಿತ್ತೆಂದು ಬೀರಮ್ಮ ಹೇಳಿದಳು. ಡಾಕ್ಟರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಆ ತಲೆಯಾಟವೇ ಅವಳ ಎದೆಯಲ್ಲಿ ನಾಟಿತು: ಮಗಳು ದೇವಿ ಒಲಿದವಳಲ್ಲವಾದರೆ, ತನ್ನ ಹೊಟ್ಟೆಯಲ್ಲೇ ಕೆಟ್ಟವಳು.

ದಿನಕ್ಕೊಂದು ಮಾತ್ರೆ ಕೊಟ್ಟು, ಒಂದು ದಿನವೂ ತಪ್ಪಿಸಬಾರದು, ತಟ್ಟನೆ ನಿಲ್ಲಿಸಿದರೆ ಸೆಳವಿನ ಮೇಲೆ ಸೆಳವು ಬಂದೀತು ಎಂದು ಡಾಕ್ಟರು ಎಚ್ಚರಿಸಿದರು. ಮಾತ್ರೆ ಕಹಿ. ಬೀರಮ್ಮ ಅದನ್ನು ಪುಡಿಮಾಡಿ, ಬೆಲ್ಲದಲ್ಲಿ ಕಲಸಿ ತಿನ್ನಿಸತೊಡಗಿದಳು.

ಕೆಲವು ತಿಂಗಳಲ್ಲಿ ಬೀಳುವುದು ನಿಂತಿತು. ಮರೆಯುವುದೂ ನಿಂತಿತು. ಶುಕ್ರವಾರ ಚೆಲುವಿ ಹೂವುಗಳನ್ನು ಬಿಗಿಯಾಗಿ ಹಿಡಿದು ಕೂರುವಳು. ಕಾಲು ಜೋಮು ಹಿಡಿಯಿತೆಂದು ನಗುವಳು. ಹೆಂಗಸರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಚೆಲುವಿ ಮತ್ತೆ ಶಾಲೆಗೆ ಹೋಗತೊಡಗಿದಳು.

"ಮೇಷ್ಟ್ರು ಏಳಿದ್ದು ಈಗ ಮಧ್ಯದಲ್ಲಿ ಕಿತ್ತೋಗಲ್ಲ ಕಣವ್ವ," ಎಂದು ಅವಳು ಒಂದು ದಿನ ಹೇಳಿದಳು. "ಮೊದಲಿಂದ ಕೊನೇಗಂಟ ಕೇಳಿಸ್ತದೆ."

ಬೀರಮ್ಮ ಬೆಲ್ಲದ ಉಂಡೆಯನ್ನು ಅವಳ ಬಾಯಿಗಿಟ್ಟಳು.

ಪಕ್ಕದ ಮನೆಯ ತಿಮ್ಮಮ್ಮನ ಮಗಳು ಬಂಜೆಯೆನಿಸಿಕೊಂಡು ತವರಿಗೆ ಮರಳಿದ್ದಳು. ಇನ್ನೊಂದು ಸಲ ಹೂವು ಕೇಳಬೇಕೆಂದು ತಿಮ್ಮಮ್ಮ ಅಂಗಲಾಚಿದಳು.

"ಔಷಧಿ ಕುಡಿಸಿ ಅಮ್ಮನ್ನ ಓಡಿಸ್ಬುಟ್ಟೆಯಲ್ಲ ಬೀರಮ್ಮ," ಎಂದಳು. "ಇಂಗೂ ಉಂಟಾ?"

ಮುಂದಿನ ಶುಕ್ರವಾರದವರೆಗೆ ಮಾತ್ರ ಎಂದುಕೊಂಡು ಬೀರಮ್ಮ ಬರಿಯ ಬೆಲ್ಲ ಕೊಟ್ಟಳು. ಕಹಿಯೇ ಇಲ್ಲವಲ್ಲ ಎಂದು ಚೆಲುವಿ ಬೆರಳು ಚೀಪಿ, ಇನ್ನಷ್ಟು ಕೇಳಿ ತಿಂದಳು.

ಗುರುವಾರ ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತಿದ್ದವಳು ತಾಯಿಯ ಮಡಿಲಿಗೇ ಬಿದ್ದಳು. ಒಂದು ಸೆಳವು ಇಳಿದು ಎಚ್ಚರ ಬರುವ ಮೊದಲೇ ಇನ್ನೊಂದು ಏರಿತು. ಆಸ್ಪತ್ರೆಯ ಮಂಚದ ಮೇಲೂ ಅದು ನಿಲ್ಲಲಿಲ್ಲ. ಮಧ್ಯಾಹ್ನ ನಿಂತಾಗ ಉಸಿರೂ ನಿಂತಿತ್ತು.

ಮಾತ್ರೆ ತಪ್ಪಿತ್ತೇ ಎಂದು ಡಾಕ್ಟರು ಕೇಳಿದರು. ಚಿಕ್ಕಯ್ಯ ಕಣ್ಣೊರೆಸಿಕೊಂಡು, ಇಲ್ಲ ಸ್ವಾಮಿ, ಇವಳು ತನ್ನ ಕೈಯಾರೆ ತಿನ್ನಿಸುತ್ತಿದ್ದಳು, ಒಂದು ದಿನವೂ ತಪ್ಪಿಸಿದವಳಲ್ಲ ಎಂದನು.

ಬೀರಮ್ಮ ಬೇರೆಯದನ್ನೇ ಕೇಳಿದಳು. "ನನ್ನ ಒಟ್ಟೇಲೇ ಬಂದ ಕಾಯಿಲೆನಾ ಬುದ್ಧೀ?"

"ಹಾಗೆಂದು ನಾನು ಹೇಳಲೇ ಇಲ್ಲವಲ್ಲ ತಾಯಿ," ಎಂದರು ಸುಂದರೇಶರು. "ಎಷ್ಟೋ ಜನಕ್ಕೆ ಕಾರಣವೇ ಸಿಕ್ಕುವುದಿಲ್ಲ. ನಿಮ್ಮ ತಪ್ಪೇನೂ ಇಲ್ಲ."

ಅವರು ಹೊರಟುಹೋದ ಮೇಲೆ ಅವಳು ಮಂಚದ ಬಳಿಗೆ ಬಂದಳು. ಗಂಡನಿಗೆ ಕೇಳುವಷ್ಟೇ ದನಿಯಲ್ಲಿ, "ಮಾತ್ರೆ ನಿಲ್ಸಿದ್ದೆ ನಾನು," ಎಂದಳು. "ನಾಳೆ ಶುಕ್ರವಾರ ಅಂತ."

ಚಿಕ್ಕಯ್ಯ ಅವಳತ್ತ ತಿರುಗಲಿಲ್ಲ. ಹೊದಿಕೆಯಿಂದ ಹೊರಗೆ ಚಾಚಿದ್ದ ಮಗಳ ಪಾದವನ್ನು ಮುಚ್ಚಿದನು. ಅನಂತರ ಗಾಡಿ ತರಲೆಂದು ಎದ್ದು, ಅವಳು ಹಿಂದೆ ಬರುತ್ತಿರುವಳೋ ಇಲ್ಲವೋ ಎಂದು ನೋಡದೆಯೇ ಹೊರಟನು.