ಮೂರು ಕಾಪಿ, ಒಂದು ಕಂಬಳಿಹುಳ

ಒಂದು ಹಾರ್ಡ್ ಡಿಸ್ಕಿನ ಬೆಲೆ ಒಂದೂವರೆ ಕರಡಿ. ಪೆನ್ ಡ್ರೈವ್ ಅಗ್ಗ, ಒಂದು ಜೊತೆ ಮೊಲದ ಕಿವಿ ಹೊಲಿದರೆ ಬಂದುಬಿಡುತ್ತದೆ. ಇಂಟರ್ನೆಟ್ಟಿನಲ್ಲಿ ಫೋಟೊ ಇಡಲು ಬಾಡಿಗೆ ಜಾಗ ಬೇಕೆಂದರೆ ತಿಂಗಳಿಗೊಂದು ನರಿಯ ಬಾಲ. ನೋಡಲು ಚಿಕ್ಕದು, ಆದರೆ ಬದುಕಿರುವವರೆಗೂ ಬಾಲ ಹೊಲಿಯುತ್ತಲೇ ಇರಬೇಕು.

ವೇಷದಕ್ಕ ಲೆಕ್ಕ ಹಾಕುತ್ತಿದ್ದುದೇ ಹೀಗೆ. ನಾಟಕದವರಿಗೆ, ಶಾಲೆಗಳಿಗೆ, ಅಂಗಡಿ ಬಾಗಿಲಲ್ಲಿ ಕುಣಿದು ಗಿರಾಕಿಗಳನ್ನು ಕರೆಯುವವರಿಗೆ ಪ್ರಾಣಿ, ಪಕ್ಷಿ, ತರಕಾರಿಗಳ ವೇಷ ಹೊಲಿದುಕೊಡುವುದು ಅವಳ ಕಸುಬು. ಹೊಲಿದ ವೇಷ ಗಿರಾಕಿಯ ಕೈ ಸೇರುವ ಮುಂಚೆ, ಮನೆಯಲ್ಲಿ ಯಾರು ಬಿಡುವಾಗಿದ್ದರೋ ಅವರಿಗೆ ತೊಡಿಸಿ ಫೋಟೊ ತೆಗೆದುಕೊಳ್ಳುತ್ತಿದ್ದಳು. ಹೊಸ ಗಿರಾಕಿ ಬಂದರೆ ತೋರಿಸಲು ಅವಳ ಬಳಿ ಇರುವುದು ಆ ಫೋಟೊಗಳು ಮಾತ್ರ. ವೇಷಗಳು ಹೊರಟು ಹೋಗಿರುತ್ತವೆ.

ಹೀಗಾಗಿ ಫೋಟೊಗಳ ವಿಷಯದಲ್ಲಿ ಅವಳು ಹುಷಾರಿನವಳು. ಫೋನಿನಲ್ಲಿ ಒಂದಿದ್ದರೆ ಇಲ್ಲದ ಹಾಗೆ, ಒಂದೇ ಮನೆಯಲ್ಲಿ ಎರಡಿದ್ದರೂ ಒಂದಿದ್ದ ಹಾಗೆ ಎನ್ನುವುದು ಅವಳ ಸಿದ್ಧಾಂತ. ಬಾಲದ ಬಾಡಿಗೆ ಬೇಡವೆಂದು, ಹಾರ್ಡ್ ಡಿಸ್ಕೊಂದನ್ನು ಕೊಂಡು ಬಸ್ ಓಡಿಸುವ ಗಂಡನ ಕೈಗೆ ಕೊಟ್ಟಳು. ಅದು ಡಿಪೋದಲ್ಲಿ ಅವನ ಬೀರುವಿನಲ್ಲಿತ್ತು. ಪೆನ್ ಡ್ರೈವನ್ನು ಮಾವನಿಗೆ ಕೊಟ್ಟಳು. ಗಣಿತದ ಮೇಷ್ಟ್ರಾಗಿ ನಿವೃತ್ತರಾದ ಅವರು ಅದನ್ನು ಕನ್ನಡಕದ ಹಳೆಯ ಡಬ್ಬಿಯಲ್ಲಿಟ್ಟು ಡಬ್ಬಿಯನ್ನು ದಿಂಬಿನಡಿ ಇಟ್ಟುಕೊಂಡರು. ಮೂರನೆಯ ಕಾಪಿ ತಮ್ಮನ ಕಂಪ್ಯೂಟರಿನಲ್ಲಿ. ವಿಮೆ ಏಜೆಂಟನಾದ ತಮ್ಮ ನಾಲ್ಕು ಬೀದಿ ಆಚೆ ಬಾಡಿಗೆ ಕೋಣೆಯಲ್ಲಿದ್ದ. ಬೆಂಕಿ ಬೀಳಲಿ, ನೀರು ನುಗ್ಗಲಿ, ಕಳ್ಳ ಬರಲಿ, ಒಂದಲ್ಲ ಒಂದು ಕಡೆ ಉಳಿಯುತ್ತದೆ ಎಂದು ಅವಳು ನೆಮ್ಮದಿಯಾಗಿದ್ದಳು. ಬೆಂಕಿಯೂ ಬೀಳಲಿಲ್ಲ, ಕಳ್ಳನೂ ಬರಲಿಲ್ಲ. ಬಂದದ್ದು ಆನೆ.

ಚಪ್ಪಲಿ ಅಂಗಡಿಯವರು ಕೇಳಿದ್ದ ಆನೆ ಅದು. ಮನೆಯಲ್ಲಿ ಬೇರೆ ಜಾಗವಿಲ್ಲದೆ ಊಟದ ಮೇಜಿನ ಮೇಲೆಯೇ ಅವಳ ಕೆಲಸ. ಮನೆಯವರೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ರೂಢಿಮಾಡಿಕೊಂಡು ವರ್ಷಗಳಾಗಿದ್ದವು. ಆ ಬೆಳಿಗ್ಗೆ ಮೇಜಿನ ಮೇಲೆ ಹತ್ತಿಯ ಗುಡ್ಡೆ, ಗುಡ್ಡೆಯ ಮೇಲೆ ಅವಳ ಫೋನು. ಸೊಂಡಿಲಿಗೆ ಹತ್ತಿ ತುಂಬಿದಳು, ಬಾಯಿ ಹೊಲಿದಳು, ಎತ್ತಿ ನೋಡುವಷ್ಟರಲ್ಲಿ ಮಾವನ ಟೀ ಲೋಟ ಉರುಳಿ ಸೊಂಡಿಲಿಂದ ಬೆನ್ನಿನವರೆಗೆ ಟೀ. ಆನೆಯನ್ನು ಹಾಗೇ ಇಡಿಯಾಗಿ ಬಟ್ಟೆ ಒಗೆಯುವ ಮೆಷಿನ್ನಿಗೆ ತುರುಕಿ ಗುಂಡಿ ಒತ್ತಿದಳು. ಆಮೇಲೆ ಫೋನು ಹುಡುಕತೊಡಗಿದಳು.

"ತಾಳು, ರಿಂಗ್ ಕೊಡ್ತೀನಿ," ಎಂದ ಗಂಡ. ಅಂದು ಅವನಿಗೆ ರಜೆ. ರಿಂಗ್ ಕೊಟ್ಟು, ಮನೆಯೆಲ್ಲ ಸುತ್ತಿ, ಮೆಷಿನ್ನಿನ ಮುಂದೆ ಬಂದು ನಿಂತ. "ಲೇ, ಆನೆ ರಿಂಗಾಗ್ತಿದೆ ಕಣೆ."

ಅವಳು ಓಡಿ ಬರುವಷ್ಟರಲ್ಲಿ ಆನೆ ಸುಮ್ಮನಾಗಿತ್ತು. ಸೊಂಡಿಲು ಬಿಚ್ಚಿದರೆ ಒಳಗಿನ ಫೋನು ನೀರು ಕುಡಿದು ತೂಕವಾಗಿತ್ತು.

ಬೇರೆ ದಿನವಾಗಿದ್ದರೆ ಅಷ್ಟು ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಆದರೆ ಮರುದಿನ ಮಧ್ಯಾಹ್ನ ಅವಳು ಮಕ್ಕಳ ನಾಟಕ ತಂಡದ ಮ್ಯಾನೇಜರಮ್ಮನನ್ನು ನೋಡಬೇಕಿತ್ತು. ತಂಡಕ್ಕೆ ವರ್ಷವಿಡೀ ವೇಷ ಹೊಲಿಯುವವರು ಬೇಕಿದ್ದರು. ಆ ಕೆಲಸ ಸಿಕ್ಕರೆ ಬೀದಿಯ ತಿರುವಿನಲ್ಲಿ ಖಾಲಿ ಇದ್ದ ಕೋಣೆಯನ್ನು ಬಾಡಿಗೆಗೆ ಹಿಡಿಯಬಹುದು, ಊಟದ ಮೇಜಿನಿಂದ ಕೆಲಸ ಎತ್ತಬಹುದು. ಮ್ಯಾನೇಜರಮ್ಮ ಖಡಾಖಂಡಿತವಾಗಿ ಕೇಳಿದ್ದರು: "ನೀವು ಮಾಡಿದ್ದೆಲ್ಲ ಫೋಟೊದಲ್ಲಿ ನೋಡ್ಬೇಕು. ಮುಖ್ಯವಾಗಿ, ಒಂದೇ ವೇಷದೊಳಗೆ ಮೂರು ಜನ ನಡೆಯೋ ಥರದ್ದೇನಾದ್ರೂ ಮಾಡಿದ್ದೀರಾ? ನಮ್ಮ ಹೊಸ ನಾಟಕ ನಿಂತಿರೋದೇ ಅದರ ಮೇಲೆ."

"ಮಾಡಿದ್ದೀನಿ ಮೇಡಂ. ಕಂಬಳಿಹುಳ. ಫೋಟೊ ತರ್ತೀನಿ," ಎಂದು ಅವಳು ಮಾತು ಕೊಟ್ಟಾಗಿತ್ತು.

"ಅಳೋದೇನಿದೆ?" ಎಂದು ತನಗೆ ತಾನೇ ಹೇಳಿಕೊಂಡು ಮಾವನ ಕೋಣೆಗೆ ಹೋದಳು. "ಮಾವ, ಪೆನ್ ಡ್ರೈವ್ ಕೊಡಿ."

ಮಾವ ದಿಂಬು ಎತ್ತಲಿಲ್ಲ. ದಿಂಬಿನ ಮೇಲೆಯೇ ಕೂತರು.

"ಅದು... ವೈರಸ್ ಬಂದಿರ್ಬೇಕಮ್ಮ. ಫೋಟೊ ಹೋಗಿಬಿಟ್ಟಿವೆ."

"ಯಾವುದು ಹೋಗಿದೆ?"

"ಕ್ಯಾರೆಟ್... ಇನ್ನೂ ಏನೇನೋ."

"ವೈರಸ್ಸಿಗೆ ತರಕಾರಿಯಲ್ಲಿ ಕ್ಯಾರೆಟ್ಟೇ ರುಚಿಸ್ತಾ ಮಾವ?"

ಮಾವ ಕನ್ನಡಕ ತೆಗೆದು ಒರೆಸಿದರು. "ಮೂವತ್ತು ವರ್ಷ ಪಾಠ ಹೇಳಿದೋನು ನಾನು. ನನ್ನ ಹುಡುಗರು ಇವತ್ತಿಗೂ ಬೀದೀಲಿ ನೋಡಿದ್ರೆ ಕೈ ಕಟ್ಟಿ ನಿಲ್ತಾರೆ. ಈ ದಿಂಬಿನಡಿ ನಾನು ಕ್ಯಾರೆಟ್ ಆಗಿ ತಲೆಗೆ ಸೊಪ್ಪು ಸಿಗಿಸ್ಕೊಂಡು ಕೂತಿದ್ದೀನಿ ಅಂತ ನೆನೆದ್ರೆ ನಿದ್ದೆ ಬರ್ತಿರ್ಲಿಲ್ಲ. ಅಳಿಸಿಬಿಟ್ಟೆ. ಇನ್ನೆರಡು ಕಾಪಿ ಇವೆಯಲ್ಲ ಅಂತ ಧೈರ್ಯ."

ಅವಳು ಗಂಡನತ್ತ ತಿರುಗಿದಳು. ಅವನು ಆನೆಯ ಕಿವಿ ಹಿಂಡಿ ನೀರು ತೆಗೆಯುವುದರಲ್ಲಿ ಇದ್ದಕ್ಕಿದ್ದಂತೆ ಮಗ್ನನಾಗಿದ್ದ.

"ರೀ?"

"ಡಿಪೋದಲ್ಲಿ ಯಾರೋ ನನ್ನ ಡಿಸ್ಕ್ ಹಾಕಿ ನೋಡಿಬಿಟ್ರು ಕಣೆ. ಆವತ್ತಿಂದ ನನ್ನ ಹೆಸರೇ ಹೂಕೋಸು. ಬಸ್ಸು ಡಿಪೋದಿಂದ ಹೊರಡೋವಾಗ 'ಹೂಕೋಸು, ರೈಟ್ ರೈಟ್' ಅಂತಾರೆ. ನಾನೂ ಅಳಿಸಿದೆ. ನಿನ್ನ ತಮ್ಮನ ಹತ್ರ ಇದೆಯಲ್ಲ! ವಿಮೆ ಮಾರೋನಲ್ವಾ, ಅವನು ಕಳಕೊಳ್ತಾನಾ?"

ಗಂಡನ ಫೋನಿನಿಂದಲೇ ತಮ್ಮನಿಗೆ ಕರೆ ಮಾಡಿದಳು.

"ಅಕ್ಕಾ, ಮೀಟಿಂಗಲ್ಲಿದ್ದೀನಿ."

"ನನ್ನ ಫೋಟೊ ಇದೆಯೇನೋ?"

ಆ ಕಡೆ ಕುರ್ಚಿ ಸರಿದು ಬಾಗಿಲು ಮುಚ್ಚಿದ ಸದ್ದು. ಆಮೇಲೆ ಪಿಸುಮಾತು. "ನೋಡಕ್ಕ, ಮುಂದಿನ ತಿಂಗಳು ನನ್ನ ಮದುವೆ. ಆ ಹುಡುಗಿ ನನ್ನ ಕಂಪ್ಯೂಟರಲ್ಲಿ ಆಗಾಗ ಸಿನಿಮಾ ನೋಡ್ತಾಳೆ. ನಾನು ಕೋಳಿಯಾಗಿ ಮೊಟ್ಟೆ ಮೇಲೆ ಕೂತಿರೋದು ಕಣ್ಣಿಗೆ ಬಿದ್ರೆ ನನ್ನ ಗತಿ? ಅಳಿಸಿದೆ. ಭಾವನ ಹತ್ರ, ದೊಡ್ಡವರ ಹತ್ರ ಇದ್ದೇ ಇರತ್ತಲ್ಲ ಅಂತ..."

ವೇಷದಕ್ಕ ಫೋನು ಇಟ್ಟು, ಒದ್ದೆ ಆನೆಯ ಬೆನ್ನಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಮೂರು ಮನುಷ್ಯರು, ಮೂರು ಜಾಗ. ಒಬ್ಬೊಬ್ಬರೂ ಉಳಿದಿಬ್ಬರನ್ನು ನಂಬಿ ಕೈ ತೊಳೆದುಕೊಂಡಿದ್ದಾರೆ. ತಾನು ಬೆಂಕಿಗೆ ಹೆದರಿದೆ, ನೀರಿಗೆ ಹೆದರಿದೆ, ಮರ್ಯಾದೆಗೆ ಹೆದರಲಿಲ್ಲವಲ್ಲ ಎಂದುಕೊಂಡಳು. ಹನ್ನೆರಡು ವರ್ಷದ ಕೆಲಸ, ತೋರಿಸಲು ಒಂದು ಬಾಲವೂ ಇಲ್ಲ.

ಮಾವ ಬಾಗಿಲಲ್ಲಿ ನಿಂತು ಕೆಮ್ಮಿದರು. ಕೈಯಲ್ಲಿ ಕನ್ನಡಕದ ಡಬ್ಬಿ ಇತ್ತು.

"ಉಳಿದದ್ದನ್ನಾದ್ರೂ ನೋಡಮ್ಮ."

"ಉಳಿದದ್ದು ಏನಿದೆ ಮಾವ? ನೀವೆಲ್ಲಾ ಅಳಿಸಿದ್ರಲ್ಲ."

"ನಾನು ಅಳಿಸಿದ್ದು ನನ್ನದಷ್ಟೇ. ನಿನ್ನ ಗಂಡಂದು ಯಾಕೆ ಅಳಿಸ್ಲಿ? ಹೂಕೋಸು ಎಷ್ಟು ಚೆನ್ನಾಗಿದೆ! ಬೇಜಾರಾದಾಗ ತೆಗೆದು ನೋಡ್ತೀನಿ."

ಗಂಡ ಆನೆಯ ಕಿವಿ ಕೆಳಗೆ ಹಾಕಿದ. "ಅಪ್ಪಾ!"

"ಏನು ಅಪ್ಪಾ? ನಿನ್ನ ಹತ್ರ ನನ್ನ ಕ್ಯಾರೆಟ್ ಇಲ್ವಾ, ಎದೆ ಮುಟ್ಟಿ ಹೇಳು."

ಗಂಡ ಎದೆ ಮುಟ್ಟಲಿಲ್ಲ. "ಇದೆ," ಎಂದ. "ಕೋಳೀನೂ ಇದೆ. ಅವನ ಮದುವೆ ಊಟದ ಹೊತ್ತಲ್ಲಿ ದೊಡ್ಡ ಪರದೆ ಮೇಲೆ ತೋರಿಸೋಣ ಅಂತ ಇಟ್ಟಿದ್ದೆ."

ವೇಷದಕ್ಕ ನೆಲದಿಂದ ಎದ್ದಳು. ಇವರ ನಾಚಿಕೆ ಕಳೆದದ್ದನ್ನು ಇವರ ಕುಹಕ ಉಳಿಸಿಕೊಟ್ಟಿತ್ತು. ಗಂಡನನ್ನು ಡಿಪೋಗೆ ಓಡಿಸಿದಳು. ತಮ್ಮನಿಗೆ ಮತ್ತೆ ಕರೆ ಮಾಡಿ, ಮೀಟಿಂಗು ಬಿಟ್ಟು ಕಂಪ್ಯೂಟರ್ ಹೊತ್ತುಕೊಂಡು ಬಾ ಎಂದಳು. ಮಧ್ಯಾಹ್ನದೊಳಗೆ ಮೇಜಿನ ಮೇಲಿನ ಹತ್ತಿಯನ್ನು ಪಕ್ಕಕ್ಕೆ ತಳ್ಳಿ ಮೂರು ಕಾಪಿಗಳನ್ನೂ ಒಂದೆಡೆ ಸೇರಿಸಲಾಯಿತು.

ತಮ್ಮನ ಕಂಪ್ಯೂಟರಿನಲ್ಲಿ ಭಾವನ ಹೂಕೋಸು ಬೇರೆಯೇ ಫೋಲ್ಡರಿನಲ್ಲಿತ್ತು. ಫೋಲ್ಡರಿನ ಹೆಸರು 'ಕಷ್ಟಕಾಲಕ್ಕೆ'.

"ಇದೇನೋ?" ಎಂದ ಭಾವ.

"ನೀವು ಮದುವೇಲಿ ಏನಾದ್ರೂ ಆಟ ಆಡಿದ್ರೆ ಇರ್ಲಿ ಅಂತ ಭಾವ. ವಿಮೆ."

ಕ್ಯಾರೆಟ್ ಬಂತು, ಕೊಕ್ಕರೆ ಬಂತು, ನೀರಾನೆ, ಜಿರಾಫೆ, ಕೋಳಿ, ಮೊಟ್ಟೆ ಎಲ್ಲವೂ ಬಂದವು. ಒಂದೊಂದು ಬಂದಾಗಲೂ ಇಬ್ಬರು ಬಿದ್ದುಬಿದ್ದು ನಕ್ಕರು, ಒಬ್ಬ ಮುಖ ಊದಿಸಿಕೊಂಡ. ವೇಷದಕ್ಕ ಸಮಾಧಾನವಾಗಿ ಸರಿಸುತ್ತಾ ಹೋಗಿ, ಕೊನೆ ಮುಟ್ಟಿ, ಮತ್ತೆ ಮೊದಲಿಂದ ಬಂದಳು.

"ಕಂಬಳಿಹುಳ ಎಲ್ಲಿ?"

ಮೂವರೂ ನಗು ನಿಲ್ಲಿಸಿದರು. ಕಂಬಳಿಹುಳಕ್ಕೆ ಮೂರು ಗಂಟು, ಗಂಟಿಗೊಂದು ಕಿಂಡಿ, ಕಿಂಡಿಗೊಂದು ಮುಖ. ಮುಂದೆ ಗಂಡ, ನಡುವೆ ಮಾವ, ಹಿಂದೆ ತಮ್ಮ. ಮೂವರೂ ಇದ್ದದ್ದರಿಂದ ಮೂವರೂ ಅಳಿಸಿದ್ದರು. ಬೇಕಾಗಿದ್ದ ಒಂದೇ ಒಂದು ಫೋಟೊ ಮೂರು ಕಡೆಯೂ ಇರಲಿಲ್ಲ.

ಮೂವರೂ ಏಕಕಾಲಕ್ಕೆ ಮಾತಾಡಿದರು. ಮಾವ, ಅಳಿಸಿದ್ದನ್ನು ವಾಪಸ್ ತರುವವರು ಇದ್ದಾರಂತೆ ಎಂದರು. ತಮ್ಮ, ಅದೆಲ್ಲ ಅಳಿಸಿದ ಕೂಡಲೇ ಮಾಡಬೇಕು, ಆಮೇಲೆ ಅದೇ ಜಾಗಕ್ಕೆ ಸಿನಿಮಾ ತುಂಬಿಯಾಯಿತು ಎಂದ. ಗಂಡ, ಮ್ಯಾನೇಜರಮ್ಮನಿಗೆ ಬಾಯಲ್ಲೇ ವರ್ಣಿಸಿಬಿಡು ಎಂದ. ವೇಷದಕ್ಕ ಆ ಮೂವರನ್ನೂ ಬಟ್ಟೆ ಅಳೆಯುವವಳ ಹಾಗೆ ಮೇಲಿಂದ ಕೆಳಗೆ ನೋಡಿದಳು.

"ಅದೇ ಕಂಬಳಿಹುಳ ಈಗ ಆಟಿಕೆ ಅಂಗಡೀಲಿದೆ," ಎಂದಳು. "ನಾಳೆ ಬೆಳಿಗ್ಗೆ ಅಂಗಡಿ ಮುಂದೆ ಬರ್ತೀರಾ, ಇಲ್ಲ ಇವತ್ತೇ ಹೂಕೋಸು ಡಿಪೋಗೂ, ಕೋಳಿ ಹುಡುಗಿಗೂ, ಕ್ಯಾರೆಟ್ಟು ಹಳೇ ಹುಡುಗ್ರಿಗೂ ಕಳಿಸ್ಲಾ? ಈಗ ನನ್ನ ಹತ್ರ ಪೂರ್ತಿ ಸೆಟ್ಟಿದೆ."

ಆಟಿಕೆ ಅಂಗಡಿಯವನು ವೇಷ ಕೊಡಲು ಒಪ್ಪಿದ, ಆದರೆ ಅದನ್ನು ಅಂಗಡಿಯ ಮುಂದಿನಿಂದ ಬೇರೆಲ್ಲಿಗೂ ಒಯ್ಯಬಾರದೆಂದ. ಅವನಿಗೆ ಪುಕ್ಕಟೆ ಜಾಹೀರಾತು. ಹೀಗೆ ಮರುದಿನ ಬೆಳಿಗ್ಗೆ, ಜನ ಕೆಲಸಕ್ಕೆ ಹೊರಟ ಹೊತ್ತಿನಲ್ಲಿ, ಬಸ್ ನಿಲ್ದಾಣದ ಎದುರಿಗೇ ಹಸಿರು ಕಂಬಳಿಹುಳವೊಂದು ಜಗಳವಾಡುತ್ತಾ ಹೊರಬಂತು.

"ಅಪ್ಪ, ಎಡಗಾಲು ಮೊದಲು!"

"ನಿನಗೆ ಎಡ ಬಲ ಹೇಳಿಕೊಟ್ಟೋನೇ ನಾನು, ಮುಂದೆ ನೋಡಿ ನಡಿ."

"ದೊಡ್ಡವರೇ, ನನ್ನ ಕಾಲು ತುಳೀತಿದ್ದೀರಿ."

"ನಿಂದು ಯಾಕೆ ನನ್ನ ಕಾಲ ಕೆಳಗೆ ಬಂತು?"

"ಎಲ್ಲಾ ಈ ಕಡೆ ನೋಡಿ, ಸ್ವಲ್ಪ ನಗಿ!" ಎಂದು ಕೂಗಿದಳು ವೇಷದಕ್ಕ, ಗಂಡನ ಫೋನು ಎತ್ತಿ ಹಿಡಿದು. ಯಾರೂ ನಗಲಿಲ್ಲ. ಬಸ್ಸೊಂದು ಬಂದು ನಿಂತಿತು. ಒಳಗಿನಿಂದ ಡ್ರೈವರ್ ತಲೆ ಹಾಕಿ, "ಅಯ್ಯೋ ಹೂಕೋಸೇ, ಹುಳ ಬಿದ್ದೋಯ್ತಲ್ಲೋ!" ಎಂದ. ಅದೇ ಬಸ್ಸಿನಿಂದ ಇಳಿದವರಲ್ಲಿ ಒಬ್ಬಳು ನೆಟ್ಟಗೆ ಹುಳದ ಹಿಂಭಾಗದ ಬಳಿ ಬಂದು ನಿಂತಳು. ತಮ್ಮನ ಹುಡುಗಿ. ಕಿಂಡಿಯೊಳಗಿನ ಮುಖ ಹಸಿರು ಬಟ್ಟೆಗಿಂತ ಹಸಿರಾಯಿತು.

"ಮೀಟಿಂಗ್ ಇದೆ ಅಂದಿದ್ರಿ," ಎಂದಳು.

"ಇದೇ ಮೀಟಿಂಗ್," ಎಂದ ಅವನು.

ಅವಳು ಅವನನ್ನು, ಅವನ ಮುಂದಿದ್ದ ಇಬ್ಬರನ್ನು, ಫೋನು ಹಿಡಿದು ಬೆವರುತ್ತಿದ್ದ ಅತ್ತಿಗೆಯನ್ನು ನೋಡಿದಳು. ಆಮೇಲೆ ಶುರುವಾದ ನಗು ತಡೆಯಲಾರದೆ ಪಾದಚಾರಿ ಕಟ್ಟೆಯ ಮೇಲೆ ಕೂತಳು. ಕಣ್ಣೊರೆಸಿಕೊಂಡು ತನ್ನ ಫೋನಿನಲ್ಲೂ ನಾಲ್ಕು ಫೋಟೊ ತೆಗೆದುಕೊಂಡಳು.

"ಇಂಥವು ಇನ್ನೂ ಇವೆಯಾ ಅತ್ತಿಗೆ?" ಎಂದಳು.

"ಬೇಕಾದಷ್ಟಿವೆ."

"ನನಗೂ ಒಂದು ಕಾಪಿ ಕೊಡಿ. ನಾನು ಯಾವ ವೇಷದಲ್ಲೂ ಇಲ್ಲವಲ್ಲ, ನಾನ್ಯಾಕೆ ಅಳಿಸ್ಲಿ?"

ಹನ್ನೆರಡು ವರ್ಷ ಕೂಡಿಸಿ ಕಳೆದರೂ ತನಗೆ ಹೊಳೆಯದಿದ್ದದ್ದು ಇದು ಎಂದು ವೇಷದಕ್ಕನಿಗೆ ಅನ್ನಿಸಿತು. ಕಾಪಿಯನ್ನು ಯಾವ ಡಬ್ಬಿಯಲ್ಲಿ ಇಟ್ಟರೂ ಇಟ್ಟುಕೊಂಡವನ ಮುಖ ಅದರಲ್ಲಿ ಇರಬಾರದು. ಅಂದೇ ನಾಲ್ಕನೆಯ ಕಾಪಿ ಆ ಹುಡುಗಿಯ ಕೈ ಸೇರಿತು. ಉಳಿದ ಮೂವರಿಗೆ ಹೊಸ ನಿಯಮವಾಯಿತು: ಯಾರ ಕಾಪಿಯನ್ನು ಬೇಕಾದರೂ ತಿಂಗಳಿಗೊಮ್ಮೆ ಇನ್ನೊಬ್ಬರು ತೆರೆದು ನೋಡಬಹುದು. ಈ ಕೆಲಸಕ್ಕೆ ಯಾರನ್ನೂ ಬೇಡಿಕೊಳ್ಳಬೇಕಾಗಲಿಲ್ಲ.

ಮಧ್ಯಾಹ್ನ ಮ್ಯಾನೇಜರಮ್ಮ ಫೋಟೊಗಳನ್ನೆಲ್ಲ ನೋಡಿ, ಕಂಬಳಿಹುಳದ ಫೋಟೊದ ಬಳಿ ಬಂದು ನಿಂತರು.

"ಮೂರು ಜನ ಒಟ್ಟಿಗೆ ನಡೀಬಹುದಾ ಇದರಲ್ಲಿ?"

"ಜಗಳ ಆಡ್ಕೊಂಡೇ ರಸ್ತೆ ಪೂರ್ತಿ ನಡೆದಿದ್ದಾರೆ ಮೇಡಂ. ಒಂದು ಹೊಲಿಗೆ ಬಿಟ್ಟಿಲ್ಲ."

ಕೆಲಸ ಅವಳಿಗೇ ಸಿಕ್ಕಿತು.

ಕಳೆದುಕೊಂಡದ್ದು ಒಂದು ಫೋನು, ಮತ್ತು ಕಂಬಳಿಹುಳದ ಮೊದಲ ಫೋಟೊ. ಅದರಲ್ಲಿ ಮೂವರೂ ನಗುತ್ತಿದ್ದರು. ಎರಡನೆಯದರಲ್ಲಿ ಒಬ್ಬರೂ ನಗುತ್ತಿಲ್ಲ. ಗಳಿಸಿದ್ದು ಒಂದು ವರ್ಷದ ಕೆಲಸ, ಬೀದಿಯ ತಿರುವಿನ ಕೋಣೆ ಮತ್ತು ಊಟದ ಮೇಜು.