ಮಣಿಕಟ್ಟಿನ ಹುರಿ

ಮೇಲಿನ ಸ್ಪೀಕರಿನಿಂದ ಆ ನರ್ಸ್ ಹುಡುಗಿಯ ದನಿ, ಅಜ್ಜಿ, ಉಸಿರು ಎಳ್ಕೊಂಡು ಹಾಗೇ ಹಿಡ್ಕೊಳ್ಳಿ, ನಾನು ಬಿಡಿ ಅನ್ನೋ ತನಕ — ಅಯ್ಯೋ ತಾಯಿ, ಜೇಜು ದ್ವೀಪದ ಸಮುದ್ರದ ತಳದಲ್ಲಿ ಉಸಿರು ಹಿಡಿದು ಚಿಪ್ಪು ಕಿತ್ತೇ ಹೊಟ್ಟೆ ಹೊರೆದವಳಿಗೆ ಹೇಳಿಕೊಡ್ತೀಯಾ, ಮೇಜು ಬೆನ್ನಿಗೆ ಕೊರೆಯುತ್ತಿದೆ, ಎದೆಯ ಮೇಲೆ ಇವರು ಬರೆದ ನೇರಳೆ ಗೆರೆ, ಅದರಡಿ ಹೃದಯದ ಗೋಡೆಗೆ ಕಚ್ಚಿಕೊಂಡ ಕ್ಯಾನ್ಸರ್ ಗಡ್ಡೆ, ಇಂಥದ್ದನ್ನ ಪುಸ್ತಕದಲ್ಲಷ್ಟೇ ಓದಿದ್ದೆ ಎಂದ ಡಾಕ್ಟರ್, ಕತ್ತರಿಸಲು ಹೋದರೆ ಹೃದಯವೇ ಉಳಿಯುವುದಿಲ್ಲವಂತೆ, ಅದಕ್ಕೇ ಮೊದಲು ಕೀಮೋ, ಈಗ ಈ ಯಂತ್ರದ ಕಿರಣ — ಕೂದಲು ಹೋಯಿತು, ಹೋಗಲಿ, ನಾಲಿಗೆಯೂ ಹೋಯಿತಲ್ಲ, ಮಗಳು ಮಿಹ್ಯಾ ಮಾಡಿದ ಗಂಜಿಗೆ ತುಕ್ಕಿನ ರುಚಿ, ಎರಡೇ ತುತ್ತು ತಿನ್ನಮ್ಮಾ ಎಂದು ಅಳುತ್ತಾಳೆ, ನುಂಗುತ್ತೇನೆ, ವಾಂತಿ ಮಾಡುತ್ತೇನೆ, ಸಾಕಾಗಿದೆ, ನಿಜವಾಗಿಯೂ ಸಾಕಾಗಿದೆ. ಗಡ್ಡೆ ಕರಗಿಲ್ಲ, ಬೆಳೆದೂ ಇಲ್ಲ, ಕಿರಣ ಇವತ್ತಿಗೆ ಮುಗಿಯುತ್ತೆ, ಮತ್ತೆ ಕೀಮೋ ಬೇಕೋ ಬೇಡವೋ ನೀವೇ ಹೇಳಿ ಎಂದ ಡಾಕ್ಟರ್ ಬೆಳಿಗ್ಗೆ, ನಾನು ಬಾಯಿ ತೆರೆಯುವ ಮೊದಲೇ ಮಿಹ್ಯಾ, ಇನ್ನೊಂದೇ ಸಲ ಅಮ್ಮಾ — ನನ್ನ ಜೊತೆ ಮುಳುಗುತ್ತಿದ್ದ ಒಕ್‌ಸಿಮ್ ಕೂಡ ಹೀಗೇ, ಇನ್ನೊಂದೇ ಒಂದು ಕಣೇ, ದೊಡ್ಡ ಚಿಪ್ಪು ಕಂಡಿದೀನಿ, ಆಸೆಬುರುಕಿ, ಸಮುದ್ರ ಎಲ್ಲಿಗೂ ಓಡಿಹೋಗಲ್ಲ ಬಾರೇ ಎಂದೆ, ನಕ್ಕಳು, ಮುಳುಗಿದಳು, ಬಂಡೆಯಿಂದ ಚಿಪ್ಪು ಮೀಟುವ ಕಬ್ಬಿಣದ ಸಲಾಕೆಗೆ ಕಟ್ಟಿದ ಹುರಿಯನ್ನು ನಾವೆಲ್ಲ ಮಣಿಕಟ್ಟಿಗೆ ಸುಮ್ಮನೆ ಸುತ್ತಿಕೊಳ್ಳುತ್ತೇವೆ, ಚಿಪ್ಪು ಕಬ್ಬಿಣವನ್ನು ಕಚ್ಚಿ ಕೂತರೆ ಹುರಿ ಬಿಚ್ಚಿ ಮೇಲೆ ಬರಬೇಕು, ಇವಳು ಹೊಸ ಕಬ್ಬಿಣ ಕಳೆದುಹೋದೀತೆಂದು ಗಂಟು ಹಾಕಿದ್ದಳು, ಹೆಣ ಎಳೆದು ತಂದಾಗ ಹುರಿ ಮಣಿಕಟ್ಟಿನ ಮಾಂಸಕ್ಕೇ ಇಳಿದಿತ್ತು.

ಅಜ್ಜಿ, ಬಿಡಿ — ಇಲ್ಲಿ ಉಸಿರಿನ ತಳದಲ್ಲಿ ಎಷ್ಟು ನೆಮ್ಮದಿ, ವಾಂತಿಯಿಲ್ಲ, ಗಂಜಿಯಿಲ್ಲ, ಅಜ್ಜೀ ಉಸಿರು ಬಿಡಿ ಅಂದೆ, ಇರು ತಾಯಿ, ಯಾವಾಗ ಮೇಲೆ ಬರಬೇಕೆಂದು ನನ್ನ ಎದೆಗೆ ಗೊತ್ತು, ಗೊತ್ತಿತ್ತು, ಸಮುದ್ರದಲ್ಲಾದರೆ ಬೆಳಕಿರುವ ಕಡೆ ಮೇಲೆ, ಇಲ್ಲಿ ಮೇಲೆ ಅಂದರೆ ಯಾವ ಕಡೆ, ಯಂತ್ರದ ಗುಂಯ್ ನಿಂತಿತು, ಬಾಗಿಲು ದಡಾರೆಂದಿತು, ನರ್ಸ್ ಹಿಂದೆಯೇ ಮಿಹ್ಯಾ, ಅಮ್ಮಾ ಉಸಿರಾಡೇ, ಏನಾಯ್ತೇ ನಿಂಗೆ — ಹೂಊ ಎಂದು ಸಿಳ್ಳೆ ಹೊರಬಿತ್ತು, ನೀರಿನಿಂದ ತಲೆಯೆತ್ತಿದಾಗ ಬರುವ ಸಿಳ್ಳೆ, ತಾನಾಗಿಯೇ, ನರ್ಸ್ ಹುಡುಗಿ ಬಿಳಿಚಿಕೊಂಡಿದ್ದಾಳೆ, ಪಾಪ, ಏನಿಲ್ಲ ಕಣೇ, ಹಳೇ ಚಾಳಿ. ಮಿಹ್ಯಾ ನಗುವುದಿಲ್ಲ, ನನ್ನ ಮಣಿಕಟ್ಟು ಹಿಡಿದಿದ್ದಾಳೆ, ಮತ್ತೆ ಕೀಮೋ ಶುರು ಮಾಡಿ ಅಂತ ಹೇಳ್ಬಿಡ್ಲಾ, ಹೇಳಮ್ಮಾ — ಸಾಕು ಮಗಳೇ, ಮನೆಗೆ ಹೋಗೋಣ — ಆಗಲ್ಲ, ನಿನ್ನ ಬಿಟ್ಟು ನಾನೇನ್ ಮಾಡ್ಲಿ, ಹಿಡಿತ ಇನ್ನೂ ಬಿಗಿಯಾಯಿತು, ಬಿಡಿಸಿಕೊಳ್ಳಲು ಹೋದ ನನ್ನ ಇನ್ನೊಂದು ಕೈ ಅವಳ ಬೆರಳುಗಳ ಮೇಲೇ ಕೂತಿದೆ, ಬಿಸಿ ಬೆರಳು, ಬಿಚ್ಚಬೇಕು, ಬಿಚ್ಚಲಾರೆ, ಒಕ್‌ಸಿಮ್‌ಳ ಆ ಮಣಿಕಟ್ಟು, ಆ ಹುರಿ