ನಾಲ್ಕು ಸೆಕೆಂಡಿನ ಹಕ್ಕಿ

"ಹಕ್ಕಿ ನೋಡಾಕ ಬಸ್ಸು ಹತ್ತೂದನ್ನ ಈಗ ಕೇಳಾಕತ್ತೀನಿ," ಎಂದಳು ದುಂಡವ್ವ ಮೊಮ್ಮಗಳು ಶಿವಾನಿಗೆ, ಕಲಘಟಗಿ ದಾಟುವಾಗ. "ಹಸಿಜ್ವಾಳದ ಸೀತನಿ ಸುಡೂ ಹೊತ್ತಿಗೆ ತಿರ್ಲಾಪುರಕ್ಕ ಬಂದಿದ್ರ ನಮ್ಮ ಹೊಲದಾಗ ಸಾವಿರ ತೋರಸ್ತಿದ್ದೆ."

"ಇದು ಒಂದ ಬೇಕಾಗೇತಿ, ಆಯಿ."

"ಒಂದಕ್ಕ ಇಷ್ಟು ದೂರ? ಬಸ್ಸು ಪುಗಸಟ್ಟಿ ಐತೆಂತ ನಿಮಗೆಲ್ಲಾ ಸೊಕ್ಕು ಬಂದೈತಿ."

ಮುಂದಿನ ಸೀಟಿನ ಹೆಂಗಸು ನಕ್ಕಳು. ಶಿವಾನಿ ನಗಲಿಲ್ಲ. ಹೋದ ಡಿಸೆಂಬರಿನಲ್ಲಿ ಕಾಲೇಜಿನವರೊಂದಿಗೆ ಅಂಕೋಲಾದ ಆಚೆ ನದಿ ಕಡಲು ಸೇರುವ ಒಂದು ಅಳಿವೆಗೆ ಹೋದಾಗ ಜೊಂಡಿನ ನಡುವೆ ಅವಳೊಂದು ಉಲಿಯಕ್ಕಿಯನ್ನು ಕಂಡಿದ್ದಳು. ಗುಬ್ಬಿಗಿಂತ ಸಣ್ಣದು, ಮಣ್ಣಿನ ಬಣ್ಣದ್ದು, ಎಲ್ಲಿಂದಲೋ ಚಳಿಗಾಲ ಕಳೆಯಲು ಬಂದದ್ದು. ಆ ದಂಡೆಯಲ್ಲಿ ಅದನ್ನು ಅಲ್ಲಿಯತನಕ ಯಾರೂ ಕಂಡಿರಲಿಲ್ಲ. ಹಕ್ಕಿ ನೋಡುವವರ ಗುಂಪಿಗೆ ಖುಷಿಯಿಂದ ಬರೆದಳು. ವಾಟ್ಸಾಪಿನಲ್ಲಿ ಮೊದಲು ಬಂದ ಉತ್ತರ, ಅವಳ ಊರು ಗೊತ್ತಿದ್ದವರೊಬ್ಬರದು, "ನವಲಗುಂದದ ಕಡೆಯವರಿಗೆ ಕನಸಿನಲ್ಲಿ ಬಂದಿರಬೇಕು." ಆಮೇಲೆ ಒಬ್ಬರಾದ ಮೇಲೊಬ್ಬರು. ಹೆಸರು ಬರಲಿ ಅಂತ ಸುಳ್ಳು ಹೇಳುತ್ತಾಳೆ ಎಂದವರೂ ಇದ್ದರು. ಕೊನೆಗೆ ಗುಂಪು ನಡೆಸುವವರು ಬರೆದರು: ಮಾರ್ಚ್ ಮುಗಿಯುವುದರೊಳಗೆ ಫೋಟೊ ಕಳಿಸಬೇಕು, ಇಲ್ಲವೇ ಹಕ್ಕಿಯ ದನಿ, ಎಲ್ಲೂ ಕತ್ತರಿಸದ್ದು. ಇಲ್ಲವಾದರೆ ಅವಳು ಈತನಕ ಬರೆದದ್ದನ್ನೆಲ್ಲ ಗುಂಪಿನ ಹಕ್ಕಿಗಳ ಪಟ್ಟಿಯಿಂದ ತೆಗೆಯುತ್ತಾರೆ.

ಮಾರ್ಚ್ ಮುಗಿಯಲು ಐದು ದಿನ ಇತ್ತು. ಒಬ್ಬಳನ್ನೇ ಕಳಿಸಲು ಅಪ್ಪ ಒಪ್ಪಲಿಲ್ಲ. ಹಾಗಾಗಿ ಆಯಿ, ಆಯಿಯ ಜೊತೆ ಒಂದು ಗಂಟು ಕಟಕ ರೊಟ್ಟಿ, ಶೇಂಗಾ ಚಟ್ನಿ.

ಅಳಿವೆಯಲ್ಲಿ ದೋಣಿ ನಡೆಸುವ ಬೊಮ್ಮಯ್ಯನ ಮನೆಯಲ್ಲೇ ಉಳಿದರು. ಎರಡು ಮುಂಜಾನೆ ಹೋದರು, ಎರಡು ಸಲವೂ ಹಕ್ಕಿ ಬರಲಿಲ್ಲ. ದುಂಡವ್ವನಿಗೆ ದೋಣಿ ಅಲುಗಿದರೆ ಭಯ, ಸುಮ್ಮನೆ ಕೂಡುವುದು ಅದಕ್ಕಿಂತ ಕಷ್ಟ.

"ಮಾತಾಡಬ್ಯಾಡ ಆಯಿ," ಎಂದು ಶಿವಾನಿ ಪಿಸುಗುಟ್ಟಿದರೆ, "ನಾ ಎಲ್ಲಿ ಮಾತಾಡಿನಿ? ಉಸರ ಬಿಟ್ಟೆ," ಅನ್ನುವಳು.

ಮೂರನೆಯ ಮುಂಜಾನೆಯೇ ಕಡೆಯದು, ಮಧ್ಯಾಹ್ನ ಊರಿಗೆ ಹೊರಡಬೇಕಿತ್ತು. "ಇಳಿತ ಶುರುವಾದ್ರೆ ದೋಣಿ ಕೆಸರಲ್ಲಿ ಕೂತ್ಕಳ್ತದೆ, ಎಂಟು ಗಂಟೆ ಒಳ್ಗೆ ತಿರುಗ್ಬೇಕು ಅಮಾ," ಎಂದು ಬೊಮ್ಮಯ್ಯ ಮೊದಲೇ ಹೇಳಿದ್ದ. ಶಿವಾನಿ ದೋಣಿ ಹತ್ತುತ್ತಲೇ ಫೋನಿನಲ್ಲಿ ದನಿ ಹಿಡಿಯುವುದನ್ನು ಚಾಲೂ ಮಾಡಿ ಮೊಳಕಾಲ ಮೇಲೆ ಇಟ್ಟುಕೊಂಡಳು. ಏಳು ಗಂಟೆಯಾಯಿತು, ಏಳೂವರೆಯಾಯಿತು. ದುಂಡವ್ವ ಸೆರಗು ಹೊದ್ದು ತೂಕಡಿಸುತ್ತಿದ್ದಳು.

ಆಗ ಹಾಡು ಕೇಳಿತು. ಬೆಣಚುಕಲ್ಲನ್ನು ಬೆಣಚುಕಲ್ಲಿಗೆ ತಿಕ್ಕಿದಂಥ ಸದ್ದು, ಅದರ ಹಿಂದೆ ತೆಳ್ಳಗಿನ ಸಿಳ್ಳು. ಜೊಂಡಿನ ಒಂದು ದಂಟು ಬಾಗಿತು. ತುದಿಯ ತೆನೆಯ ಮೇಲೆ ಹಕ್ಕಿ ಕೂತಿತ್ತು, ಬಾಯಿ ತೆರೆದುಕೊಂಡು. ಶಿವಾನಿ ಕೊರಳಲ್ಲಿದ್ದ ಕ್ಯಾಮೆರಾವನ್ನು ಕಣ್ಣಿಗೆ ಎತ್ತಿದಳು.

ದುಂಡವ್ವ ಕಣ್ಣು ಬಿಟ್ಟಳು. ಬಾಗಿದ ತೆನೆ, ತೆನೆಯ ಮೇಲೆ ಹಕ್ಕಿ. ನಲವತ್ತು ವರ್ಷ ಅಟ್ಟಣಿಗೆಯ ಮೇಲೆ ನಿಂತು ಜೋಳ ಕಾಯ್ದ ಮೈ ಅದು. ಬಲಗೈ ಕವಣೆ ಬೀಸುವ ಹಾಗೆ ಮೇಲೆದ್ದಿತು.

"ಹೋ... ಹೊಯ್ ಹೊಯ್ ಹೊಯ್!"

ಇಡೀ ಅಳಿವೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ದೋಣಿ ಓಲಾಡಿತು. ಶಿವಾನಿ ಗುಂಡಿ ಒತ್ತುವುದರೊಳಗೆ ತೆನೆ ಬರಿದಾಗಿ ಅಲುಗುತ್ತಿತ್ತು.

ಬೊಮ್ಮಯ್ಯ ಹುಟ್ಟು ಹಿಡಿದು ನೀರನ್ನೇ ನೋಡುತ್ತಿದ್ದ. ದುಂಡವ್ವ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿದಳು. "ನಾ ಏನ್ ಮಾಡಿದ್ನೆವ್ವಾ," ಎಂದಳು. ಶಿವಾನಿಯ ಕಡೆ ತಿರುಗಿ, "ಬೈಯಬೇಕಂದ್ರ ಬೈದುಬಿಡು. ಸುಮ್ಮನ ಕೂಡಬ್ಯಾಡ."

"ಓಡಸೂದು ಬಿಟ್ರ ನಿನಗೇನು ಬರತೈತಿ?" ಎಂದಳು ಶಿವಾನಿ. ಹೇಳಿದ ಮೇಲೆ ಆಯಿಯ ಕಡೆ ನೋಡದೆ ಕ್ಯಾಮೆರಾವನ್ನು ಜೊಂಡಿನ ಕಡೆಗೇ ಹಿಡಿದಳು.

ದುಂಡವ್ವ ಸಿಟ್ಟಾಗಲಿಲ್ಲ. "ಖರೇನ. ಅದೊಂದು ಬರತೈತಿ. ಓಡಿಸಿದ ಹಕ್ಕಿ ದೂರ ಹೋಗೂದಿಲ್ಲ. ಬಾಜು ಗಿಡದಾಗ ಕುಂತು ನಮ್ಮ ಕೈ ನೋಡತೈತಿ, ಕೆಳಗ ಇಳದಾವೋ ಇಲ್ಲೋ ಅಂತ." ಎರಡೂ ಅಂಗೈ ತೊಡೆಯ ಕೆಳಗೆ ತುರುಕಿ, ಅವುಗಳ ಮೇಲೆ ತನ್ನ ಭಾರವನ್ನೆಲ್ಲ ಹಾಕಿ ಕೂತಳು. ಎಂಟಾಯಿತು. ಎಂಟು ಹತ್ತಾಯಿತು. ಅಷ್ಟು ಹೊತ್ತು ಆಕೆ ಕೆಮ್ಮಲೂ ಇಲ್ಲ.

ಹಕ್ಕಿ ಬರಲಿಲ್ಲ. ದೋಣಿಯ ತಳ ಕೆಸರಿಗೆ ತಾಗಿದಾಗ ಬೊಮ್ಮಯ್ಯ ಹುಟ್ಟು ಹಾಕಿದ.

ಅಂಕೋಲಾದ ಬಸ್ ನಿಲ್ದಾಣದಲ್ಲಿ ಶಿವಾನಿ ಫೋನು ನೋಡಿದಳು. ದನಿ ಹಿಡಿಯುವುದನ್ನು ಬಂದ್ ಮಾಡಿಯೇ ಇರಲಿಲ್ಲ. ಹಿಂದಕ್ಕೆ ಸರಿಸಿ ಹುಡುಕಿದಳು. ಕಲ್ಲು ತಿಕ್ಕಿದ ಸದ್ದು, ಸಿಳ್ಳು, ಎಲ್ಲ ಸ್ಪಷ್ಟ. ನಾಲ್ಕು ಸೆಕೆಂಡು. ಐದನೆಯದಕ್ಕೆ ಆಯಿಯ ಕೂಗು. ಅದನ್ನು ಆಯಿಗೂ ಕೇಳಿಸಿದಳು.

"ಇಷ್ಟು ಒರಟೇನ ನನ್ನ ದನಿ?" ದುಂಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಂದು ತಗದು ಹಕ್ಕೀದಷ್ಟ ಕಳಸು."

"ತಗದ್ರ ಅವರು ಒಪ್ಪೂದಿಲ್ಲ."

"ಮತ್ತ ಇದನ್ನ ಕಳಸಿದ್ರ ನಗಾಡತಾರಲ್ಲ."

"ನಗಲಿ ಬಿಡು."

ಇದ್ದದ್ದನ್ನು ಇದ್ದ ಹಾಗೆ ಕಳಿಸಿದಳು. ಬಸ್ಸು ಅರಬೈಲ ಘಟ್ಟ ಹತ್ತಿತು, ಫೋನಿನ ಸಿಗ್ನಲ್ ಹೋಯಿತು. ದುಂಡವ್ವ ಗಂಟು ಬಿಚ್ಚಿ ರೊಟ್ಟಿ ಮುರಿದು ಕೊಟ್ಟಳು, ಶಿವಾನಿ ತಿಂದಳು.

ಯಲ್ಲಾಪುರದಲ್ಲಿ ಫೋನು ಮೇಲಿಂದ ಮೇಲೆ ಸದ್ದು ಮಾಡಿತು. "ಇದರಲ್ಲಿ ಹಕ್ಕಿ ಯಾವುದು?" ಎಂದೊಬ್ಬರು. "ಅಪರೂಪದ ಮುದುಕಿ, ನವಲಗುಂದದ ಜಾತಿ," ಎಂದು ಇನ್ನೊಬ್ಬರು. ಅದರ ಕೆಳಗೆ ನಗುವ ಮುಖಗಳ ಸಾಲು. ಎಲ್ಲಕ್ಕಿಂತ ಕೆಳಗೆ ಗುಂಪು ನಡೆಸುವವರದು: "ನಾಲ್ಕು ಸೆಕೆಂಡು ಸಾಲದು. ಮುಂದಿನ ಚಳಿಗಾಲಕ್ಕೆ ನೋಡೋಣ. ಸದ್ಯಕ್ಕೆ ಪಟ್ಟಿಯಿಂದ ತೆಗೆದಿದ್ದೇವೆ."

ದುಂಡವ್ವ ಅವಳ ಮುಖವನ್ನೇ ನೋಡುತ್ತಿದ್ದಳು. ಆಕೆಯ ಅಂಗೈಗಳು ಮತ್ತೆ ತೊಡೆಯ ಕೆಳಗೆ ಸೇರಿದ್ದವು.

"ಏನಂದ್ರವ್ವಾ? ನನ್ನ ದನಿ ಕೇಳಿದ್ರೇನು?"

ಶಿವಾನಿ ಫೋನನ್ನು ಬ್ಯಾಗಿನೊಳಗೆ ಇಟ್ಟಳು.

"ಕೇಳಿದ್ರು. ಹಕ್ಕಿ ಖರೇನ ಐತಿ ಅಂದ್ರು. ಪಟ್ಟಿಯೊಳಗ ಬರಕೊಂಡ್ರಂತ."

"ಹೌದಾ?"

"ಹೌದ, ಆಯಿ."

ದುಂಡವ್ವ ಕೈ ಹೊರಗೆ ತೆಗೆದಳು. ಬೆರಳುಗಳಲ್ಲಿ ಸೀಟಿನ ರೆಗ್ಜಿನಿನ ಗೆರೆಗಳು ಮೂಡಿದ್ದವು. "ಹಂಗಾದ್ರ ಇನ್ನೊಂದು ರೊಟ್ಟಿ ತಿನ್ನು," ಎಂದಳು. ಶಿವಾನಿ ಕಿಟಕಿಯ ಕಡೆ ಮುಖ ಮಾಡಿ ಕೈ ಚಾಚಿದಳು.